ಡೆಂಗಿ ಜ್ವರ ಇಳಿದಿದೆ, ಅಪ್ಪನನ್ನು ಊರಿಗೆ ಯಾವಾಗ ಕಳಿಸಬಹುದು?

ಗದಗದಿಂದ ಗೋವಾದ ವಾಸ್ಕೋದ ನಮ್ಮ ಮನೆಗೆ ಬಂದ ಅಪ್ಪನಿಗೆ ಡೆಂಗಿ. ಡೆಂಗಿ ಪತ್ತೆಯ ಎನ್‌ಎಸ್‌1 ರಕ್ತಪರೀಕ್ಷೆ ಪಾಸಿಟಿವ್, ಮಲೇರಿಯಾ ಇಲ್ಲ. ಐಬುಪ್ರೊಫೇನ್, ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವದ ಭಯವೆಂದು ಪ್ಯಾರಾಸಿಟಮಾಲ್ ಮಾತ್ರ ಕೊಡುತ್ತಿದ್ದೇವೆ. ಡೆಂಗಿ ಹರಡುವ ಸೊಳ್ಳೆ ಹೆಚ್ಚಾಗಿ ಹಗಲಿನಲ್ಲಿ ಕಚ್ಚುವುದರಿಂದ, ಮಕ್ಕಳಿಗೆ ಹರಡದಿರಲೆಂದು ಹಗಲೂ ಸೊಳ್ಳೆಪರದೆ ಕಟ್ಟಿದ್ದೇವೆ.

ಇಂದು ಬೆಳಿಗ್ಗೆ ಜ್ವರ ಇಳಿಯಿತು. "ವಾಸಿಯಾಯಿತು, ರಾತ್ರಿಯ ರೈಲು ಹತ್ತಿಸು" ಎಂದು ಅಪ್ಪ ಹಠ ಹಿಡಿದಿದ್ದಾರೆ. ಚೀಲ ಬಾಗಿಲ ಬಳಿ ಬಂದು ಕೂತಿದೆ. ಆದರೆ ಜ್ವರ ಬಿಟ್ಟ ಮೇಲಿನ 24ರಿಂದ 48 ಗಂಟೆಯೇ ಅಪಾಯದ ಅವಧಿ. ಹೊಟ್ಟೆನೋವು, ಪದೇ ಪದೇ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಬನ್ನಿ ಎಂದಿದ್ದಾರೆ ವೈದ್ಯರು. ರೈಲು ಸಾಗುವ ದೂಧಸಾಗರದ ಘಟ್ಟದಲ್ಲಿ ಹಾಗಾದರೆ ಯಾರನ್ನು ಕರೆಯುವುದು?

ವೈದ್ಯರು ಸಿಗುವುದು ನಾಳೆ. ಎರಡು ದಿನ ಕಳೆದರೆ ಸಾಕೇ, ಪ್ಲೇಟ್‌ಲೆಟ್ ಏರುವವರೆಗೂ ಕಾಯಬೇಕೇ ಎಂಬುದೇ ಗೊಂದಲ. ನಿಮ್ಮ ಮನೆಯವರಿಗೆ ಡೆಂಗಿಯಾದಾಗ ವೈದ್ಯರು ಯಾವ ಪರೀಕ್ಷೆ ನೋಡಿ, ಎಷ್ಟು ದಿನಕ್ಕೆ ಪ್ರಯಾಣಕ್ಕೆ ಒಪ್ಪಿದರು?