ಸರಣಿಯೊಳಗೆ ಸರಣಿಯಿದ್ದರೆ ಏನೆನ್ನಬೇಕು?

ಕೊಪ್ಪಳದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಸಂಜೆ ಹೊತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಿದ್ದೇನೆ. ಹಲವು ಅಂಶಗಳನ್ನು ಒಂದೇ ಹೆಸರಿನಡಿ ಕ್ರಮವಾಗಿ ಇಡುವ ‘ಅರೇ’ಗೆ ‘ಸರಣಿ’ ಎನ್ನುತ್ತೇನೆ. ಮೊದಲು ‘ಸಾಲು’ ಎಂದು ಹೇಳಿ ನೋಡಿದ್ದೆ. ಆದರೆ ನಮ್ಮ ಕಡೆ ಶಾಲೆಗೆ ‘ಸಾಲಿ’ ಎನ್ನುವುದರಿಂದ ಮಾತಿನ ಓಟದಲ್ಲಿ ಎರಡೂ ಕಿವಿಗೆ ಒಂದೇ ಆಗುತ್ತಿದ್ದವು. ನನ್ನ ಪ್ರಶ್ನೆ ಇರುವುದು ‘ನೆಸ್ಟೆಡ್ ಅರೇ’ಯ, ಅಂದರೆ ಬೇರೆ ಸರಣಿಗಳನ್ನೇ ಅಂಶಗಳಾಗಿ ಹೊತ್ತ ಸರಣಿಯ ಬಗ್ಗೆ.

ಪೈಥಾನ್ 3ರಲ್ಲಿ ಚರದ (ವೇರಿಯಬಲ್) ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಹುದಾದ್ದರಿಂದ, ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಕೆಲವು ತಾಲ್ಲೂಕುಗಳನ್ನು ಹಲಗೆಯ ಮೇಲೆ ಹೀಗೆ ಬರೆದಿದ್ದೆ:

ಜಿಲ್ಲೆಗಳು = [["ಸಂಡೂರು", "ಸಿರುಗುಪ್ಪ"], ["ಗಂಗಾವತಿ", "ಕುಷ್ಟಗಿ", "ಯಲಬುರ್ಗಾ"], ["ಮಾನ್ವಿ", "ಸಿಂಧನೂರು"]]

ಇದರ ಉದ್ದವೆಷ್ಟು, ಅಂದರೆ ಇದರಲ್ಲಿ ಅಂಶಗಳೆಷ್ಟು ಎಂದು ಕೇಳಿದಾಗ ಬಹುತೇಕ ಮಕ್ಕಳು 7 ಎಂದರು. ಸರಿಯುತ್ತರ 3. ಹೊರಗಿನ ಸರಣಿಯ ಲೆಕ್ಕದಲ್ಲಿ ಒಳಗಿನ ಒಂದೊಂದು ಆವರಣವೂ ಇಡಿಯಾಗಿ ಒಂದೇ ಅಂಶ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಗಂಗಾವತಿ ಬೇಕಾದರೆ ಜಿಲ್ಲೆಗಳು[1][0] ಎಂದು ಎರಡು ಹಂತದಲ್ಲಿ ಇಳಿಯಬೇಕು. ತಪ್ಪು ಮಕ್ಕಳದ್ದಲ್ಲ, ನಾನು ಬಳಸಿದ ಪದದ್ದು. ಒಳಗಿನದನ್ನು ನಾನು ‘ಉಪಸರಣಿ’ ಎಂದು ಕರೆದಿದ್ದೆ. ಹುಡುಗಿಯೊಬ್ಬಳು ಎದ್ದು ನಿಂತು, “ಸರ, ಉಪಗಣದಾಗ ಇದ್ದದ್ದು ಗಣದಾಗೂ ಇರತೈತಲ್ರಿ?” ಎಂದಳು. ಗಣಿತದ ಗಣದ (ಸೆಟ್) ಮಟ್ಟಿಗೆ ಅವಳ ಮಾತು ನೂರಕ್ಕೆ ನೂರು ಸರಿ. ಇಲ್ಲಿ ಮಾತ್ರ "ಗಂಗಾವತಿ" ಹೊರಸರಣಿಯ ಅಂಶವೇ ಅಲ್ಲ. ಆದ್ದರಿಂದ ‘ಉಪ’ ಎಂಬುದನ್ನು ಮೂಲ ಸರಣಿಯಿಂದ ಕತ್ತರಿಸಿಕೊಂಡ ತುಂಡಿಗೇ ಮೀಸಲಿಡಬೇಕೆಂದು ನನಗೆ ಈಗ ಖಚಿತವಾಗಿದೆ.

ನಮ್ಮ ಮನೆಮಾತಿನಲ್ಲಿ ಹುಡುಕಿದಾಗ ‘ಅಡಕಲು’ ನೆನಪಾಯಿತು. ಆದರೆ ಅಡಕಲಿನಲ್ಲಿ ಗಡಿಗೆಯ ಮೇಲೆ ಗಡಿಗೆ ಇರುತ್ತದೆಯೇ ಹೊರತು ಗಡಿಗೆಯೊಳಗೆ ಗಡಿಗೆ ಇರುವುದಿಲ್ಲ, ಹಾಗಾಗಿ ಅದು, ಒಂದರ ಮೇಲೊಂದು ಪೇರಿಸಿ ಮೇಲಿನದನ್ನೇ ಮೊದಲು ತೆಗೆಯುವ ‘ಸ್ಟ್ಯಾಕ್’ಗೆ ಹೆಚ್ಚು ಒಪ್ಪುತ್ತದೆ. ಎಲೆ ಅಡಿಕೆಯ ಚಂಚಿಯನ್ನು ಮಕ್ಕಳ ಮುಂದೆ ಬಿಚ್ಚಿ ತೋರಿಸಿದೆ: ಒಂದು ಚೀಲ, ಅದರೊಳಗೆ ಅಡಿಕೆಗೊಂದು ಜೇಬು, ಎಲೆಗೊಂದು ಜೇಬು. ವಿಷಯ ಕೂಡಲೇ ತಿಳಿಯಿತು, ಪದ ಮಾತ್ರ ದೊರೆಯಲಿಲ್ಲ.

ಒಳಗಿನದಕ್ಕೆ ‘ಒಳಸರಣಿ’ ಸಾಕು. ತೊಡಕಿರುವುದು ಒಳಸರಣಿಗಳನ್ನು ಹೊತ್ತ ಇಡಿಯ ಸರಣಿಗೆ. ‘ಅಂತರ್ಗತ ಸರಣಿ’ ಎಂದರೆ ಒಳಗೆ ಸೇರಿಕೊಂಡದ್ದೇ ಹೊರತು ಸೇರಿಸಿಕೊಂಡದ್ದಲ್ಲ. ಅರ್ಥವನ್ನು ಒಳಗಿಟ್ಟುಕೊಂಡ ಮಾತನ್ನು ‘ಅರ್ಥಗರ್ಭಿತ’ ಎನ್ನುವಂತೆ ‘ಸರಣಿಗರ್ಭಿತ’ ಎನ್ನಬಹುದೇ? ವ್ಯಾಕರಣಕ್ಕೆ ಇದು ಒಪ್ಪುತ್ತದೆಂದು ನನ್ನ ಎಣಿಕೆಯಾದರೂ, ಹದಿಮೂರು ವರ್ಷದ ಮಕ್ಕಳ ಬಾಯಿಗೆ ಭಾರವಾಗುತ್ತದೆಂಬ ಅಳುಕಿದೆ. ಇದಕ್ಕಿಂತ ಹಗುರವಾದ, ಒಳಗೆ ಸೇರಿಕೊಂಡದ್ದನ್ನೂ ಅದನ್ನು ಹೊತ್ತದ್ದನ್ನೂ ಬೇರ್ಪಡಿಸಿ ಹೇಳುವ ಪದ ತಮ್ಮ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.