'ನೈಟ್‌ಫಾಲ್' ಕಥೇಲಿ ಆ ಪಂಥದವನು ಫೋಟೋ ಪ್ಲೇಟ್ ಒಡೆಯೋಕೆ ಯಾಕೆ ಬರ್ತಾನೆ? ಓದಿರೋರು ಹೇಳಿ

ತುಮಕೂರು_ಓದುಗಿ:

ಎಲ್ರಿಗೂ ನಮಸ್ಕಾರ. ಐಸಾಕ್ ಅಸಿಮೋವ್ 1941ರಲ್ಲಿ ಬರೆದ ಕಥೆ ಇದು, ಓದಿಲ್ದೇ ಇರೋರು ಇಲ್ಲೇ ನಿಲ್ಸಿ, ಕೆಳಗೆ ಕಥೆ ಪೂರ್ತಿ ಬಿಚ್ಚಿಟ್ಟಿದೀನಿ.

ಲಗಾಷ್ ಅಂತ ಒಂದು ಗ್ರಹ, ಅಲ್ಲಿ ಆಕಾಶದಲ್ಲಿ ಆರು ಸೂರ್ಯ, ಯಾವಾಗ ನೋಡಿದ್ರೂ ಒಂದಾದ್ರೂ ಮೇಲಿರತ್ತೆ, ಹಾಗಾಗಿ ರಾತ್ರಿ ಅನ್ನೋದೇ ಇಲ್ಲ, ನಕ್ಷತ್ರ ಹೇಗಿರತ್ತೆ ಅಂತ ಬದುಕಿರೋ ಯಾರಿಗೂ ಗೊತ್ತಿಲ್ಲ. ಆದ್ರೆ ಅಲ್ಲೊಂದು ಪಂಥ ಇದೆ, ಅವ್ರ ಧರ್ಮಗ್ರಂಥದ ಪ್ರಕಾರ 2050 ವರ್ಷಕ್ಕೊಂದ್ಸಲ ಲಗಾಷ್ ಒಂದು ದೊಡ್ಡ ಗುಹೆ ಒಳಗೆ ಹೋಗತ್ತೆ, ಸೂರ್ಯಗಳೆಲ್ಲ ಮಾಯ, ಆಮೇಲೆ ನಕ್ಷತ್ರಗಳು ಬಂದು ಜನರ ಆತ್ಮ ಕಿತ್ಕೊಳ್ತವೆ, ಬುದ್ಧಿ ಕಳ್ಕೊಂಡ ಜನ ತಾವೇ ಕಟ್ಟಿದ ಊರುಗಳಿಗೆ ಬೆಂಕಿ ಇಡ್ತಾರೆ.

ಈ ಕಡೆ ಸಾರೋ ಯೂನಿವರ್ಸಿಟಿಯ ಖಗೋಳ ವಿಜ್ಞಾನಿಗಳು ಲೆಕ್ಕ ಹಾಕಿದ್ರೆ ಸರಿಯಾಗಿ 2049 ವರ್ಷಕ್ಕೊಂದು ಪೂರ್ಣ ಗ್ರಹಣ ಬರ್ತಿದೆ, ಭೂಮಿ ಅಗೆದು ನೋಡಿದೋರಿಗೆ ಹಿಂದಿನ ಒಂಬತ್ತು ನಾಗರಿಕತೆಗಳು ಒಂದಾದ್ಮೇಲೊಂದು ಬೆಂಕೀಲೇ ಸತ್ತಿರೋದು ಸಿಕ್ಕಿದೆ. ಅಂದ್ರೆ ಗ್ರಂಥ ಹೇಳಿದ್ದು ಬಹುಪಾಲು ನಿಜ! ಹಾಗಿದ್ಮೇಲೆ ಗ್ರಹಣದ ಹೊತ್ತಿಗೆ ಲಾಟಿಮರ್ ಅನ್ನೋ ಪಂಥದವನು ವೀಕ್ಷಣಾಲಯಕ್ಕೆ ನುಗ್ಗಿ, ಗ್ರಹಣದ ಫೋಟೋ ತೆಗೆಯೋಕೆ ಇಟ್ಟಿರೋ ಪ್ಲೇಟ್ ಒಡೆಯೋಕೆ ಯಾಕೆ ನೋಡ್ತಾನೆ? ಅವನ ದೇವರ ಮಾತು ಜಗತ್ತಿನ ಮುಂದೆ ಸಾಬೀತಾಗೋ ದಿನ ಅಲ್ವಾ ಅದು? ಈ ಒಂದು ಜಾಗದಲ್ಲಿ ನಾನು ಸಿಕ್ಕಾಕೊಂಡಿದೀನಿ. ಇದೇ ಥರ ಬೇರೆ ಗ್ರಹ, ಅಲ್ಲಿನ ಧರ್ಮ, ಮುಚ್ಚಿಟ್ಟ ಸತ್ಯ ಇರೋ ಪುಸ್ತಕ ಗೊತ್ತಿದ್ರೆ ಅದನ್ನೂ ಹೇಳಿ.

ಹಳೇಪೇಟೆ_ಹರಿ:

ಮೇಡಂ ಒಳ್ಳೆ ಪ್ರಶ್ನೆ, ನನ್ ಪ್ರಕಾರ ಇಡೀ ಕಥೆ ನಿಂತಿರೋದೇ ಇದರ ಮೇಲೆ.

ಲಾಟಿಮರ್ ಮತ್ತೆ ಸಾರೋ ಯೂನಿವರ್ಸಿಟಿಯ ಮುಖ್ಯಸ್ಥ ಆಟನ್ ನಡುವಿನ ಜಗಳ ಇನ್ನೊಂದ್ಸಲ ಓದಿ. ಗ್ರಹಣದ ಲೆಕ್ಕಕ್ಕೆ ಬೇಕಾದ ಹಳೇ ಮಾಹಿತಿಯನ್ನ ಆಟನ್ ಇಸ್ಕೊಂಡಿದ್ದು ಪಂಥದವರ ಹತ್ರಾನೇ, ಬದಲಿಗೆ ನಿಮ್ಮ ನಂಬಿಕೇಲಿ ಸತ್ಯ ಇದೆ ಅಂತ ತೋರಿಸ್ಕೊಡ್ತೀನಿ ಅಂದಿರ್ತಾನೆ. ಲಾಟಿಮರ್ ತಕರಾರು ಏನಂದ್ರೆ, ತೋರಿಸಿ ಅಂತ ನಿನ್ನ ಕೇಳಿದೋರ್ಯಾರು, ಗ್ರಂಥ ಹೇಳಿದ್ಮೇಲೆ ಮುಗೀತು, ನೀನು ಕತ್ತಲೆಯನ್ನೂ ನಕ್ಷತ್ರಗಳನ್ನೂ ಬರೀ ಪ್ರಕೃತಿ ವ್ಯಾಪಾರ ಮಾಡಿ ಅದರ ಅರ್ಥಾನೇ ತೆಗೆದ್ಬಿಟ್ಟೆ, ಇದು ದೈವನಿಂದೆ. ಅವನಿಗೆ ಕತ್ತಲೆ ಬರತ್ತೆ ಅನ್ನೋದು ಮುಖ್ಯ ಅಲ್ಲ, ಅದು ಯಾಕೆ ಬರತ್ತೆ ಯಾರು ಕಳಿಸ್ತಾರೆ ಅನ್ನೋದು ಮುಖ್ಯ. ಒಂದು ಉಪಗ್ರಹ ಅಡ್ಡ ಬಂತು ಅಂತ ಫೋಟೋದಲ್ಲಿ ದಾಖಲಾದ್ರೆ ಮುಂದಿನ 2049 ವರ್ಷ ಜನ ಪಂಥದವರ ಹತ್ರ ಹೋಗೋ ಅಗತ್ಯಾನೇ ಇರಲ್ಲ.

ಇನ್ನೊಂದು, ಅವನು ಬರೀ ಅಧಿಕಾರಕ್ಕೆ ಆಸೆಪಟ್ಟೋನು ಅಂತ ಅಂದ್ಕೋಬೇಡಿ. ಮನಶ್ಶಾಸ್ತ್ರಜ್ಞ ಶೀರಿನ್ ಅವನನ್ನ ಹೆದರಿಸೋದು ಹೇಗೆ ನೋಡಿ, ಹೊಡೀತೀನಿ ಅನ್ನಲ್ಲ, ಗ್ರಹಣ ಮುಗಿಯೋವರೆಗೂ ಒಂದು ಸಣ್ಣ ಕೋಣೇಲಿ ಕೂಡಾಕ್ತೀನಿ ನಕ್ಷತ್ರ ನೋಡೋಕೆ ಸಿಗಲ್ಲ ಅಂತಾನೆ. ಗ್ರಂಥದ ಪ್ರಕಾರ ಹಾಗಾದ್ರೆ ಆತ್ಮ ಹೋದಂಗೆ. ಅಷ್ಟಕ್ಕೆ ಲಾಟಿಮರ್ ಬಿಳಿಚ್ಕೊಂಡು ಸುಮ್ನಿರ್ತೀನಿ ಅಂತ ಮಾತು ಕೊಡ್ತಾನೆ. ಅಷ್ಟು ಗಾಢವಾಗಿ ನಂಬಿರೋ ಮನುಷ್ಯ ಅವನು. ಕೊನೇಲಿ ಆ ಮಾತನ್ನೂ ಮುರಿದು ಕ್ಯಾಮೆರಾ ಮೇಲೆ ಬೀಳ್ತಾನಲ್ಲ, ಅದಕ್ಕೇ ಅದು ಅಷ್ಟು ತಟ್ಟತ್ತೆ.

ಪುನರ್ವಸು_7:

ಹರಿ ಸರ್ ಹೇಳಿದ್ದಕ್ಕೆ ಖಗೋಳದ ಕಡೆಯಿಂದ ಸ್ವಲ್ಪ ಸೇರಿಸ್ತೀನಿ, ಯಾಕಂದ್ರೆ ಈ ಕಥೇಲಿ ಸತ್ಯ ಮುಚ್ಚಿಟ್ಟಿರೋದು ಯಾವ ಪೂಜಾರಿನೂ ಅಲ್ಲ, ಬೆಳಕು. ಲಗಾಷ್‌ಗೆ ಒಂದು ಉಪಗ್ರಹ ಇದೆ, ಆದ್ರೆ ಸದಾ ಹಗಲು ಆಗಿರೋದ್ರಿಂದ ಅದು ಕಣ್ಣಿಗೆ ಬೀಳೋದೇ ಇಲ್ಲ. ಗೊತ್ತಾಗೋದು ಹೇಗೆ ಅಂದ್ರೆ ಗುರುತ್ವದ ಸೂತ್ರ ಹಾಕಿ ಲಗಾಷ್ ಕಕ್ಷೆ ಲೆಕ್ಕ ಮಾಡಿದಾಗ ಉತ್ತರ ತಾಳೆ ಬರಲ್ಲ, ಯಾವ್ದೋ ಕಾಣದ ವಸ್ತು ಎಳೀತಿದೆ ಅಂತ ಇಟ್ಕೊಂಡ್ರೆ ಮಾತ್ರ ಸರಿಹೋಗತ್ತೆ. ನಮ್ಮ ನೆಪ್ಚೂನ್ ಸಿಕ್ಕಿದ್ದೂ ಹೀಗೇ, ಯುರೇನಸ್ ದಾರಿ ಲೆಕ್ಕಕ್ಕೆ ಹೊಂದ್ತಿಲ್ಲ ಅಂತ ಫ್ರಾನ್ಸ್‌ನ ಲವೆರಿಯೇ ಅನ್ನೋ ಗಣಿತಜ್ಞ ಕೂತು ಗುಣಿಸಿ ಇಂಥ ಜಾಗದಲ್ಲಿ ನೋಡಿ ಅಂದ, 1846ರಲ್ಲಿ ಬರ್ಲಿನ್‌ನಲ್ಲಿ ಗಾಲೆ ಅನ್ನೋ ಖಗೋಳಜ್ಞ ದೂರದರ್ಶಕ ತಿರುಗಿಸಿದ್ರೆ ಹೆಚ್ಚುಕಮ್ಮಿ ಅದೇ ಜಾಗದಲ್ಲಿತ್ತು.

ಆರು ಸೂರ್ಯ ಅಂದ್ರೆ ಕಟ್ಟುಕಥೆ ಅನ್ನಿಸ್ಬೋದು, ಆದ್ರೆ ನಮ್ಮೋರು ಪುನರ್ವಸು ಅನ್ನೋ ಜೋಡಿ ನಕ್ಷತ್ರದಲ್ಲಿ ಕ್ಯಾಸ್ಟರ್ ಅನ್ನೋದಿದೆಯಲ್ಲ, ಬರಿಗಣ್ಣಿಗೆ ಒಂದೇ ಚುಕ್ಕಿ, ನಿಜವಾಗಿ ಅದು ಆರು ನಕ್ಷತ್ರಗಳ ಗುಂಪು, ಸುಮಾರು 50 ಜ್ಯೋತಿರ್ವರ್ಷ ದೂರದಲ್ಲಿ. ಅಂಥ ಕಡೆ ಲಗಾಷ್ ಥರ ಸದಾ ಹಗಲಿರೋ ಗ್ರಹ ಸ್ಥಿರವಾಗಿ ಸುತ್ತೋದು ಬಹಳ ಕಷ್ಟ, ಅದು ಬೇರೆ ಮಾತು.

ನಂಗೆ ಅತೀ ಇಷ್ಟದ ಭಾಗ ಬೀನೇ ಅನ್ನೋ ಹುಡುಗ ಖಗೋಳಜ್ಞನ ಮಾತು. ಒಂದೇ ಸೂರ್ಯ ಇರೋ ಗ್ರಹ ಇದ್ರೆ ಅಲ್ಲಿ ಗುರುತ್ವ ಕಂಡುಹಿಡಿಯೋದು ಎಷ್ಟು ಸುಲಭ, ಆದ್ರೆ ಅರ್ಧ ದಿನ ಕತ್ತಲಿರೋ ಕಡೆ ಜೀವ ಹುಟ್ಟೋದು ಸಾಧ್ಯಾನೇ ಇಲ್ಲ ಅಂತಾನೆ. ಇಡೀ ವಿಶ್ವದಲ್ಲಿ ಒಂದೆರಡು ಡಜನ್ ಸೂರ್ಯ ಇರ್ಬೋದೇನೋ ಅಂತ ಊಹೆ ಮಾಡೋದೇ ಅವನಿಗೆ ದೊಡ್ಡ ಧೈರ್ಯ. ಕತ್ತಲಾದಾಗ ಕಂಡಿದ್ದು ಮೂವತ್ತು ಸಾವಿರ. ಅಂದ್ರೆ ಪಂಥದ ಗ್ರಂಥಕ್ಕೂ ವಿಜ್ಞಾನಿಗಳ ಊಹೆಗೂ ಎರಡಕ್ಕೂ ಎಟುಕದ್ದು ಆಕಾಶದಲ್ಲಿತ್ತು.

ಸಿಂಧನೂರ_ಬಸು:

ನಮಸ್ಕಾರ್ರಿ. ಕಥಿ ನಾನೂ ಓದೀನಿ. 1980 ಫೆಬ್ರವರಿ 16ಕ್ಕ ನಮ್ಮ ಕಡಿ ಪೂರ್ಣ ಸೂರ್ಯಗ್ರಹಣ ಆಗಿತ್ತರಿ, ಅಂಕೋಲಾದಿಂದ ಹುಬ್ಬಳ್ಳಿ, ರಾಯಚೂರು ಮ್ಯಾಲ ಹಾದು ನೆರಳು ಪುರಿ ಕಡಿ ಹೋತು. ನಮ್ಮ ಜಿಲ್ಲಾದ ಜವಳಗೇರಾದಾಗ ಬೆಂಗಳೂರಿನ ಖಭೌತ ಸಂಸ್ಥೆ ವಿಜ್ಞಾನಿಗಳು ಕ್ಯಾಂಪ್ ಹಾಕಿದ್ರು. ನಮ್ಮ ಅಪ್ಪ ಹೇಳ್ತಿದ್ರು, ಓಣ್ಯಾಗ ಒಂದು ನಾಯಿ ಸುದ್ದಾ ಇರಲಿಲ್ಲ, ಎಲ್ಲಾರು ಬಾಗಿಲಾ ಹಾಕ್ಕೊಂಡು ಒಳಗ ಕುಂತಿದ್ರು ಅಂತ.

ನಾ ಹೇಳಬೇಕಂದಿದ್ದು ಏನಂದ್ರ, ನಮ್ಮ ಪಂಚಾಂಗದಾಗೂ ಲಗಾಷ್‌ನ ಗ್ರಂಥದಂಗ ಎರಡೂ ಕೂಡೇ ಅದಾವ. ರಾಹು ನುಂಗತಾನ ಅನ್ನೋ ಕಥಿನೂ ಐತಿ, ಯಾವ ದಿನ ಎಷ್ಟು ಗಂಟೆಕ್ಕ ಹಿಡೀತದ ಯಾವಾಗ ಬಿಡ್ತದ ಅನ್ನೋ ಲೆಕ್ಕನೂ ಐತಿ. ಲೆಕ್ಕದಾಗ ರಾಹು ಕೇತು ಅಂದ್ರ ಚಂದ್ರನ ದಾರಿ ಸೂರ್ಯನ ದಾರಿನ ಕಡಿಯೋ ಎರಡು ಬಿಂದು ಅಷ್ಟ. ಗ್ರಹಣ ಅಂದ್ರ ನೆರಳು ಅಂತ ಆರ್ಯಭಟ 499ರ ಹೊತ್ತಿಗೇ ಬರದಿಟ್ಟಾನ. ಅಂದ್ರ ಸತ್ಯನ ಯಾರೂ ಮುಚ್ಚಿಟ್ಟಿರಲಿಲ್ಲ, ಲೆಕ್ಕ ಮಾಡವ್ರ ಕೈಯಾಗ ಇತ್ತು, ಬಾಗಿಲಾ ಹಾಕ್ಕೊಂಡು ಕುಂತವ್ರ ತನಕ ಬರಲಿಲ್ಲ. ನನಗ ಸಿಟ್ಟು ಬರೋದು ಅದಕ್ಕರಿ. ಮೂರು ನಿಮಿಷದ ಹತ್ರ ಹತ್ರ ಪೂರ್ಣ ಗ್ರಹಣ, ತಲಿ ಮ್ಯಾಲ ಬಂದಿತ್ತು, ನಮ್ಮ ಊರಾನ ಮಂದಿ ನೋಡಲಿಲ್ಲ.

ಕಾಗದದ_ದೋಣಿ:

ಬೇರೆ ಪುಸ್ತಕ ಕೇಳಿದ್ರಲ್ಲ, ರೋಜರ್ ಜೆಲಾಜ್ನಿ ಬರೆದ 'ಲಾರ್ಡ್ ಆಫ್ ಲೈಟ್' ಓದ್ಲೇಬೇಕು, 1967ರದ್ದು, ಮುಂದಿನ ವರ್ಷ ವೈಜ್ಞಾನಿಕ ಕಥೆಗಳಿಗೆ ಕೊಡೋ ಹ್ಯೂಗೋ ಪ್ರಶಸ್ತಿ ಬಂತು. ಲಗಾಷ್‌ನಲ್ಲಿ ಸತ್ಯ ಯಾರ ಕೈಲೂ ಪೂರ್ತಿ ಇಲ್ಲ, ಇಲ್ಲಿ ಉಲ್ಟಾ, ಪೂರ್ತಿ ಗೊತ್ತಿರೋರೇ ಬೇಕಂತ ಬಚ್ಚಿಟ್ಟಿದಾರೆ.

'ಸ್ಟಾರ್ ಆಫ್ ಇಂಡಿಯಾ' ಅನ್ನೋ ಹಡಗಲ್ಲಿ ಭೂಮಿ ಬಿಟ್ಟು ಬೇರೆ ಗ್ರಹಕ್ಕೆ ಬಂದ ಜನ, ಅದರಲ್ಲಿ ಮೊದಲ ತಲೆಮಾರಿನ ಸಿಬ್ಬಂದಿ ಬ್ರಹ್ಮ, ಅಗ್ನಿ, ಕಾಳಿ ಅಂತ ಹೆಸರಿಟ್ಕೊಂಡು ದೇವರಾಗಿ ಕೂತ್ಬಿಟ್ಟಿದಾರೆ. ಪುನರ್ಜನ್ಮ ಅಂದ್ರೆ ಅಲ್ಲಿ ಮನಸ್ಸನ್ನ ಹೊಸ ದೇಹಕ್ಕೆ ಹಾಕೋ ಮಷೀನು, ಕರ್ಮ ಅಂದ್ರೆ ದೇಹ ಕೊಡೋಕೆ ಮುಂಚೆ ನಿಮ್ಮ ತಲೆ ಒಳಗೆ ಏನಿದೆ ಅಂತ ಜಾಲಾಡೋ ಆಫೀಸು, ದೇವರುಗಳ ವಿರುದ್ಧ ಮಾತಾಡಿದ್ದು ಸಿಕ್ಕಿಬಿದ್ರೆ ಮುಂದಿನ ಜನ್ಮ ನಾಯಿ ದೇಹ ಸಿಗ್ಬೋದು. ಜನ ಯಾವಾಗೆಲ್ಲ ಮುದ್ರಣ ಯಂತ್ರ ಮತ್ತೆ ಕಂಡುಹಿಡೀತಾರೋ ಆವಾಗೆಲ್ಲ ಅದನ್ನ ನಾಶ ಮಾಡ್ತಾರೆ. ಸ್ಯಾಮ್ ಅನ್ನೋ ಹಳೇ ಸಿಬ್ಬಂದಿ ಒಬ್ಬ ಇದಕ್ಕೆ ತಿರುಗಿಬಿದ್ದು ಬುದ್ಧನ ಉಪದೇಶ ಶುರುಮಾಡ್ತಾನೆ, ಅವನಿಗೆ ಅದರಲ್ಲಿ ನಂಬಿಕೆ ಇಲ್ಲ, ಬರೀ ತಂತ್ರ. ಆದ್ರೆ ಅವನನ್ನ ಕೊಲ್ಲೋಕೆ ಅಂತ ಕಾಳಿ ಕಡೆಯಿಂದ ಬಂದ ರಿಲ್ಡ್ ಅನ್ನೋನು ಆ ಉಪದೇಶ ಕೇಳಿ ನಿಜವಾಗ್ಲೂ ಜ್ಞಾನೋದಯ ಪಡೀತಾನೆ! ಹೇಳಿದೋನು ನಂಬದೇ ಹೇಳಿದ ಮಾತು ಕೇಳಿದೋನಲ್ಲಿ ಸತ್ಯ ಆಯ್ತು. ಈ ಒಂದು ಅಧ್ಯಾಯಕ್ಕೋಸ್ಕರ ಪುಸ್ತಕ ಓದ್ಬೋದು. ಇನ್ನೂ ಒಂದಿದೆ, ಆ ಗ್ರಹದ ಮೂಲ ನಿವಾಸಿಗಳನ್ನ ರಾಕ್ಷಸರು ಅಂತ ಕರೆದು ಒಂದು ಬಾವೀಲಿ ಬಂಧಿಸಿಟ್ಟಿರ್ತಾರೆ, ಬಂಧಿಸಿದ್ದು ಇದೇ ಸ್ಯಾಮ್.

ಒಂದು ಬೇಜಾರು ಇದೆ, ಹೇಳ್ಬಿಡ್ತೀನಿ. ನಮ್ಮ ದೇವರುಗಳ ಹೆಸರೆಲ್ಲ ಬಂದ್ರೂ ಭಕ್ತಿ ಅನ್ನೋದು ಅಲ್ಲಿ ಹೆಚ್ಚುಕಮ್ಮಿ ಕಾಣಲ್ಲ, ಧರ್ಮ ಅಂದ್ರೆ ಮೇಲಿನವರು ಕೆಳಗಿನವರನ್ನ ಹಿಡಿದಿಡೋ ಸಾಧನ ಅಷ್ಟೇ. ದೇವರಿಗೂ ಭಕ್ತನಿಗೂ ನಡುವೆ ದಲ್ಲಾಳಿ ಬೇಡ ಅಂತ ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಶರಣರು ಎದ್ದಿದ್ದು ಧರ್ಮದ ಒಳಗಿಂದಲೇ ಅಲ್ವಾ, ಅಂಥ ದನಿ ಆ ಗ್ರಹದಲ್ಲಿ ಇನ್ನೂ ಬೇಕಿತ್ತು.

ಅಂದಹಾಗೆ ಇದೇ ಪುಸ್ತಕನ ಸಿನಿಮಾ ಮಾಡೋಕೆ ಹೊರಟು ನಿಂತ್ಹೋಗಿತ್ತು, ಅದರ ಸ್ಕ್ರಿಪ್ಟು ಮತ್ತೆ ಕಾಮಿಕ್ಸ್ ಕಲಾವಿದ ಜ್ಯಾಕ್ ಕರ್ಬಿ ಬರೆದ ಸೆಟ್ ಚಿತ್ರಗಳನ್ನ ಸಿಐಎ ತಗೊಂಡು 'ಆರ್ಗೋ' ಅಂತ ಹೆಸರು ಬದಲಾಯಿಸಿ, ನಾವು ಶೂಟಿಂಗ್ ಜಾಗ ನೋಡೋಕೆ ಬಂದೋರು ಅಂತ ಹೇಳ್ಕೊಂಡು 1980ರ ಜನವರೀಲಿ ಟೆಹ್ರಾನ್‌ನಿಂದ ಆರು ಜನ ಅಮೆರಿಕನ್ ರಾಯಭಾರ ಸಿಬ್ಬಂದೀನ ಹೊರಗೆ ತಂದ್ರು.

ತುಮಕೂರು_ಓದುಗಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಬಸು ಅಣ್ಣ ನಿಮ್ಮ ಪಂಚಾಂಗದ ಮಾತು ಇನ್ನೂ ತಲೇಲಿ ಓಡ್ತಿದೆ. ಹರಿ ಸರ್, ನೀವು ಹೇಳಿದ್ಮೇಲೆ ಲಾಟಿಮರ್ ಅರ್ಥ ಆದ, ಆದ್ರೆ ಪಂಥಕ್ಕೆ ಅಸಿಮೋವ್ ನ್ಯಾಯ ಮಾಡಿಲ್ಲ ಅಂತಾನೇ ನನ್ನ ವಾದ. ಎರಡು ಸಾವಿರ ವರ್ಷ ಆ ಮಾಹಿತಿನ ಕಾಪಾಡಿ ತಂದಿದ್ದು ಅವ್ರು, ಅವ್ರಿಲ್ದಿದ್ರೆ ಆಟನ್‌ಗೆ ಹಳೇ ದಾಖಲೆ ಎಲ್ಲಿ ಸಿಗ್ತಿತ್ತು? ಆದ್ರೂ ಕೊನೇಲಿ ಅವ್ರನ್ನ ಊರ ಜನರನ್ನ ಎತ್ತಿಕಟ್ಟಿ ವೀಕ್ಷಣಾಲಯದ ಮೇಲೆ ಕಳಿಸೋ ಗುಂಪು ಅಂತಷ್ಟೇ ತೋರಿಸ್ತಾರೆ. ಗ್ರಂಥ ಬರೆದೋರು ಮಕ್ಕಳು, ಕುಡುಕರು, ಬುದ್ಧಿ ಮಂದ ಇರೋರು ಹೇಳಿದ್ದನ್ನ ಕೇಳಿ ಬರೆದಿದ್ದು ಅಂತ ಶೀರಿನ್ ಕೈಲಿ ಹೇಳಿಸ್ತಾರೆ, ಇರ್ಲಿ, ಆದ್ರೆ ಊರೆಲ್ಲ ಸುಟ್ಟು ಬೂದಿಯಾದ್ಮೇಲೆ, ಓದು ಬರಹ ಬಲ್ಲೋರೆಲ್ಲ ಹುಚ್ಚರಾದ್ಮೇಲೆ, ಮುಂದಿನೋರಿಗೆ ಎಚ್ಚರಿಕೆ ಹೇಳ್ಬೇಕು ಅಂತ ಯಾರೋ ಕೂತು ಬರೆದ್ರಲ್ಲ, ಆ ಮನುಷ್ಯನ ಬಗ್ಗೆ ಒಂದು ಸಾಲಾದ್ರೂ ಬೇಡ್ವಾ?

ಹಳೇಪೇಟೆ_ಹರಿ:

ಒಪ್ತೀನಿ ಮೇಡಂ. ಸಣ್ಣಕಥೇಲಿ ಅದಕ್ಕೆ ಜಾಗ ಸಿಕ್ಕಿಲ್ಲ. 1990ರಲ್ಲಿ ರಾಬರ್ಟ್ ಸಿಲ್ವರ್‌ಬರ್ಗ್ ಜೊತೆ ಸೇರಿ ಇದನ್ನೇ ಕಾದಂಬರಿ ಮಾಡಿದಾರೆ, ಗ್ರಹದ ಹೆಸರು ಕಲ್ಗಾಷ್ ಅಂತ ಬದಲಾಗಿದೆ, ಕತ್ತಲೆ ಬಂದ ಹಿಂದಿನ ಮುಂದಿನ ದಿನಗಳೆಲ್ಲ ವಿವರವಾಗಿದೆ. ಅದರಲ್ಲಿ ಸೀಫೆರಾ ಅಂತ ಒಬ್ಬ ಪುರಾತತ್ವಜ್ಞೆ ಬರ್ತಾಳೆ, ಒಂದರ ಮೇಲೊಂದು ಸುಟ್ಟ ಊರುಗಳ ಪದರ ಅಗೆದು ತೆಗೆಯೋದು ಅವಳೇ. ಕತ್ತಲೆ ಕಳೆದ್ಮೇಲೆ ಚೂರುಚೂರಾದ ಜಗತ್ತಲ್ಲಿ ಒಂದಿಷ್ಟಾದ್ರೂ ವ್ಯವಸ್ಥೆ ಉಳಿಸ್ಕೊಂಡಿರೋದು ಆ ಪಂಥದವರೇ, ಆವಾಗ ಸೀಫೆರಾ, ಪತ್ರಕರ್ತ ಥೆರೆಮಾನ್ ಇಬ್ರಿಗೂ ಇವ್ರ ಜೊತೆ ಸೇರ್ಬೇಕಾ ಬೇಡ್ವಾ ಅನ್ನೋ ಪ್ರಶ್ನೆ ಬರತ್ತೆ. ಅವ್ರು ಏನು ತೀರ್ಮಾನ ಮಾಡ್ತಾರೆ ಅಂತ ಇಲ್ಲಿ ಹೇಳಲ್ಲ, ಓದಿ ಬಂದು ಇದೇ ಥ್ರೆಡ್‌ನಲ್ಲಿ ಬರೀರಿ, ನನಗೆ ಆ ತೀರ್ಮಾನ ಇವತ್ತಿಗೂ ಒಪ್ಪಿಗೆ ಇಲ್ಲ, ಅದರ ಬಗ್ಗೆ ನಿಮ್ಮ ಜೊತೆ ವಾದ ಮಾಡ್ಬೇಕು.