ಇಕ್ತಿಯೋಸಾರ್ ಬೆನ್ನುಮೂಳೆ ಪುಡಿ ಉದುರಿಸ್ತಿದೆ, ಅರ್ಜೆಂಟ್

ಕಲ್ಲುಹುಚ್ಚ:
ತಲೆ ಕೆಟ್ಟುಹೋಗಿದೆ. ಇಂಗ್ಲೆಂಡಿನ ಚಾರ್‌ಮೌತ್ ಬೀಚಲ್ಲಿ ಸಿಕ್ಕಿದ ಇಕ್ತಿಯೋಸಾರ್ (ಡೈನೋಸಾರ್ ಕಾಲದ, ಮೀನಿನಂಥ ಕಡಲ ಸರೀಸೃಪ) ಪಳೆಯುಳಿಕೆ ಪೀಸು, ಬೆನ್ನುಮೂಳೆಯ ಮೂರು ಮಣಿ ಒಂದೇ ಕಲ್ಲಲ್ಲಿ ಸಾಲಾಗಿ. ತಂದಾಗ ಕಲ್ಲುಗುಂಡು. ಈಗ ಮೈತುಂಬ ಬಿರುಕು, ಕೆಳಗೆಲ್ಲ ಪುಡಿ. ಕ್ಲೀನ್ ಮಾಡಿದ್ದಾಯ್ತು, ಕೋಟ್ ಹೊಡೆದಿದ್ದಾಯ್ತು. ಒರೆಸಿದಷ್ಟೂ ಬರುತ್ತೆ. ಏನು ಮಾಡಲಿ?

ಅಲೆಮಾರಿ_ಬ್ರಿಸ್ಟಲ್:
ಉಪ್ಪು ಗುರು. ಸಮುದ್ರದ ಕಲ್ಲು ಒಣಗಿದಾಗ ಉಪ್ಪು ಹೊರಗೆ ಬರುತ್ತೆ. ಬಕೆಟ್ ಸಿಹಿನೀರಲ್ಲಿ ಮುಳುಗಿಸಿಡು, ದಿನಾ ನೀರು ಬದಲಾಯಿಸು. ವಿಟ್ಬಿ ಬೀಚ್ ಕಡೆ ಸಿಕ್ಕಿದ್ದಕ್ಕೆಲ್ಲ ನಾನು ಮಾಡೋದು ಇದೇ.

ಕೆಮಿಸ್ಟ್ರಿ_ಮೇಡಂ:
ತಡೀರಿ, ನೀರಿಗೆ ಹಾಕ್ಬೇಡಿ. ಪುಡಿ ಯಾವ ಬಣ್ಣ? ವಾಸನೆ ಇದೆಯಾ? ಎಲ್ಲಿಟ್ಟಿದ್ದೀರಿ? ಕೋಟ್ ಅಂದ್ರೆ ಯಾವುದು?

ಕಲ್ಲುಹುಚ್ಚ:
ಬಣ್ಣ ಮಾಮೂಲಿ, ಹಳದಿ ಮಿಶ್ರಿತ ಬೂದಿ. ಸ್ವಲ್ಪ ಗಂಧಕದ ವಾಸನೆ.

ಅಲೆಮಾರಿ_ಬ್ರಿಸ್ಟಲ್:
ಹಳದಿ ಇದ್ರೂ ಉಪ್ಪೇ. ಮಣ್ಣು ಸೇರಿರುತ್ತೆ. ಎರಡು ವಾರ ನೆನೆಸು ಸಾಕು.

ಗದಗಿನ_ಗಟ್ಟಿಗ:
ಅಣ್ಣಾರ, ಮೊದಲ ಅದು ಇಕ್ತಿಯೋಸಾರ್ ಹೌದೋ ಅಲ್ಲೋ ನೋಡ್ರಿ. ಕೇರಂ ಸ್ಟ್ರೈಕರ್‌ನಂಗ ಗಿಡ್ಡ ಇದ್ದು ಎರಡೂ ಕಡೆ ಆಳಕ ತಗ್ಗು ಇದ್ರ ಇಕ್ತಿಯೋಸಾರ್. ಮುಖ ಚಪ್ಪಟಿ ಇದ್ದು ತಳದಾಗ ಎರಡು ಸಣ್ಣ ತೂತು ಕಂಡ್ರ ಪ್ಲೀಸಿಯೋಸಾರ್, ಅಂದ್ರ ಅದ ಕಾಲದ ಇನ್ನೊಂದು ಕಡಲ ಸರೀಸೃಪ. ಪ್ಲೀಸಿಯೋಸಾರ್ ಇದ್ರ ನಿಮ್ಮ ನಸೀಬ ಖುಲಾಯಿಸ್ತು.

ಕಲ್ಲುಹುಚ್ಚ:
ತಗ್ಗು ಇದೆ, ಇಕ್ತಿಯೋಸಾರೇ. ನನ್ನ ಪ್ರಶ್ನೆ ಅದಲ್ಲ ಸ್ವಾಮಿ!

ಕೆಮಿಸ್ಟ್ರಿ_ಮೇಡಂ:
ಉಪ್ಪಲ್ಲ, ಪೈರೈಟ್ ಕೊಳೆತ. ಆ ಪ್ರಾಣಿ ಆಮ್ಲಜನಕ ಇಲ್ಲದ ಕೆಸರಲ್ಲಿ ಹೂತಿತ್ತು, ಮೂಳೆಯ ರಂಧ್ರಗಳಲ್ಲಿ ಕಬ್ಬಿಣದ ಸಲ್ಫೈಡ್ (ಅದೇ ಪೈರೈಟ್) ತುಂಬಿಕೊಂಡಿದೆ. ಗಾಳಿ, ತೇವ ಎರಡೂ ತಾಗಿದರೆ ಅದು ಕಬ್ಬಿಣದ ಸಲ್ಫೇಟ್ ಮತ್ತು ಗಂಧಕಾಮ್ಲ ಆಗುತ್ತೆ. ಸಲ್ಫೇಟ್ ಹಿಗ್ಗಿ ಒಳಗಿಂದಲೇ ಒಡೆಯುತ್ತೆ, ಆಮ್ಲ ಮೂಳೆಯನ್ನು ತಿನ್ನುತ್ತೆ. ಗಾಳಿಯ ತೇವಾಂಶ 60% ದಾಟಿದರೆ ಇನ್ನೂ ಜೋರು. ನಂಬಿಕೆ ಬರದಿದ್ದರೆ ಒದ್ದೆ ನೀಲಿ ಲಿಟ್ಮಸ್ ಕಾಗದವನ್ನು ಪುಡಿಗೆ ಒತ್ತಿ. ಕೆಂಪಾದರೆ ಆಮ್ಲ. ಅಡುಗೆ ಉಪ್ಪಿಗೆ ಕೆಂಪಾಗಲ್ಲ.

ಕಲ್ಲುಹುಚ್ಚ:
ಕೆಂಪಾಯ್ತು. ಕಲ್ಲು ಇರೋದು ಅಡುಗೆಮನೆ ಕಿಟಕಿಯಲ್ಲಿ, ಸಿಂಕ್ ಪಕ್ಕ. ಕೋಟ್ ಅಂದ್ರೆ ಮರಕ್ಕೆ ಹೊಡೆಯೋ ವಾರ್ನಿಷ್. ಇದನ್ನೂ ಹೇಳಬೇಕಿತ್ತಾ?

ಕೆಮಿಸ್ಟ್ರಿ_ಮೇಡಂ:
ಮೊದಲೇ ಹೇಳಬೇಕಿತ್ತು! ವಾರ್ನಿಷ್ ಒಳಗೆ ತೇವ ಸಿಕ್ಕಿಹಾಕಿಕೊಂಡಿದೆ, ಬಿರುಕಿನಲ್ಲಿ ಗಾಳಿಯೂ ಹೋಗ್ತಿದೆ. ಪುಡಿಯನ್ನು ಒಣ ಬ್ರಷ್‌ನಿಂದ ತೆಗೀರಿ. ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್, ತೇವಮಾಪಕ ಹಾಕಿ ಒಳಗಿಡಿ, 40%ಗಿಂತ ಕೆಳಗಿರಲಿ. ಆಮ್ಲ ತೆಗೆಯೋಕೆ ಮ್ಯೂಸಿಯಂಗಳಲ್ಲಿ ಅಮೋನಿಯಾ ಆವಿ ಅಥವಾ ಎಥನಾಲಮೈನ್ ಥಯೋಗ್ಲೈಕೊಲೇಟ್ ಬಳಸ್ತಾರೆ. ಅದನ್ನು ಮನೆ ಒಳಗೆ ಮಾಡ್ಬೇಡಿ. ಒಡೆದದ್ದು ಕೂಡಲ್ಲ, ಮುಂದೆ ಒಡೆಯೋದು ನಿಧಾನ ಆಗಬಹುದು ಅಷ್ಟೇ.

ಪುತ್ತೂರಿನ_ಪಕ್ಕಿ:
ಒಣಗಿದ ಮೇಲೆ ಪ್ಯಾರಲಾಯ್ಡ್ ಬಿ-72 (ಮೂಳೆ ಗಟ್ಟಿ ಮಾಡುವ ರಾಳ) ಹಚ್ಚಿ ಮಾರಾಯ್ರೆ, ಅಸಿಟೋನಿನಲ್ಲಿ ಕರಗಿಸಿ. 5% ಸಾಕು.

ಅಲೆಮಾರಿ_ಬ್ರಿಸ್ಟಲ್:
5% ನೀರಾಗಿರುತ್ತೆ. 20% ಹಾಕು.

ಪುತ್ತೂರಿನ_ಪಕ್ಕಿ:
20% ಅಂದ್ರೆ ಅದು ಅಂಟು. ಒಳಗೆ ಇಳೀಲಿಕ್ಕೇ ಇಲ್ಲ, ಮೇಲೆ ಹೊಳೀತದೆ ಅಷ್ಟೆ. ನನ್ನ ಗ್ಯಾರೇಜಿನಲ್ಲಿ ಏರ್ ಪೆನ್ (ಗಾಳಿಯ ಒತ್ತಡದಲ್ಲಿ ಕಲ್ಲು ಕೆತ್ತುವ ಪೆನ್ನು) ಎರಡು ಉಂಟು, 100 ಲೀಟರ್ ಕಂಪ್ರೆಸರ್, ಧೂಳು ಎಳೆಯುವ ಪೆಟ್ಟಿಗೆ. ಲೈಮ್ ರೀಜಿಸ್‌ನ ದವಡೆ ಒಂದು ಈಗ ಬಿಡಿಸ್ತಾ ಇದ್ದೇನೆ, ಹಲ್ಲು ಎಲ್ಲ ಅಚ್ಚುಕಟ್ಟು. ಫೋಟೋ ಹಾಕ್ಲಾ?

ಗದಗಿನ_ಗಟ್ಟಿಗ:
ಹಾಕ್ರಿ ಹಾಕ್ರಿ. ಮೇರಿ ಆ್ಯನಿಂಗ್ ಅನ್ನೋ ಪಳೆಯುಳಿಕಿ ಹುಡುಕಾಕಿ 1823ರಾಗ ಪ್ಲೀಸಿಯೋಸಾರ್ ತಗದದ್ದು ಅದ ಊರಾಗ. ಆಕಿ ಕಡೆ ಎಲ್ಲಿ ಕಂಪ್ರೆಸರ್ ಇತ್ರೀ? ಸುತ್ತಿಗಿ, ನಾಯಿ, ಅಷ್ಟ.

ಕೆಮಿಸ್ಟ್ರಿ_ಮೇಡಂ:
ಕಲ್ಲುಹುಚ್ಚ ಅವರೇ, ಮೂರು ಮಣಿ ಸಾಲಾಗಿ ಇದೆ ಅಂದ್ರಿ. ಚಾರ್‌ಮೌತ್ ಹೆರಿಟೇಜ್ ಕೋಸ್ಟ್ ಸೆಂಟರ್‌ನಲ್ಲಿ ತೋರಿಸಿದ್ರಾ? ಅಲ್ಲಿ ಮಹತ್ವದ ಪಳೆಯುಳಿಕೆ ನೋಂದಾಯಿಸೋ ಪದ್ಧತಿ ಇದೆ.

ಕಲ್ಲುಹುಚ್ಚ:
ತೋರಿಸಿದ್ರೆ ಕಿತ್ಕೊಳ್ತಾರಾ?

ಕೆಮಿಸ್ಟ್ರಿ_ಮೇಡಂ:
ಇಲ್ಲ, ದಾಖಲೆ ಅಷ್ಟೇ. ಬಂಡೆ ಅಗೆದಿಲ್ಲ ತಾನೇ?

ಅಲೆಮಾರಿ_ಬ್ರಿಸ್ಟಲ್:
ಪಕ್ಕಿ, ಆ ಕಂಪ್ರೆಸರ್ ಎಷ್ಟು ಸದ್ದು ಮಾಡುತ್ತೆ? ನಮ್ದು ಗೋಡೆಗೆ ಗೋಡೆ ಅಂಟಿದ ಮನೆ.